ನೆಟ್‌ವರ್ಕ್ ಕಟ್ಟಿದ್ದು ಸರ್ಕಾರವೋ ಕಂಪನಿಗಳೋ, ಗೇಟು ಈಗ ಯಾರ ಕೈಯಲ್ಲಿದೆ?

2021ರ ನವೆಂಬರ್‌ನಲ್ಲಿ ಅಮೆರಿಕ ಸರ್ಕಾರ ನೆಟ್ ಇಲ್ಲದ ಮನೆಗಳಿಗೆ ನೆಟ್ ಮುಟ್ಟಿಸಲು 42.45 ಬಿಲಿಯನ್ ಡಾಲರ್ ತೆಗೆದಿಟ್ಟಿತು. ಆಗುವ ಕಡೆಯೆಲ್ಲ ಫೈಬರ್ ಕೇಬಲ್‌ಗೇ ಮೊದಲ ಆದ್ಯತೆ ಎಂದಿತು. ಮೂರೂವರೆ ವರ್ಷ ಹೋಯಿತು. ನಕ್ಷೆ, ಅರ್ಜಿ, ಆಕ್ಷೇಪಣೆ, ಪರಿಶೀಲನೆ ಅಂತ ಕಡತ ಓಡಾಡಿತೇ ಹೊರತು ಆ ಹಣದಿಂದ ಒಂದು ಮನೆಗೂ ಸಂಪರ್ಕ ಸಿಗಲಿಲ್ಲ. 2025ರ ಜೂನ್‌ನಲ್ಲಿ ಹೊಸ ಆಡಳಿತ ನಿಯಮವನ್ನೇ ಬದಲಿಸಿತು. ಫೈಬರ್ ಆದರೇನು, ಉಪಗ್ರಹ ಆದರೇನು, ಯಾರು ಕಡಿಮೆ ಖರ್ಚಿನಲ್ಲಿ ಮಾಡಿಕೊಡುತ್ತಾರೋ ಅವರಿಗೆ ಹಣ ಎಂದಾಯಿತು.

ಇಂಥದ್ದು ನಡೆದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಸರ್ಕಾರದ ಕೈಗೆ ಕೊಟ್ಟರೆ ಇದೇ ಗತಿ, ಮಾರುಕಟ್ಟೆಗೆ ಬಿಟ್ಟಿದ್ದರೆ ಎಂದೋ ಆಗುತ್ತಿತ್ತು ಎನ್ನುವುದು ಒಂದು. ಮಾರುಕಟ್ಟೆಗೆ ಬಿಟ್ಟಿದ್ದಕ್ಕೇ ತಾನೇ ಆ ಮನೆಗಳಿಗೆ ಇಷ್ಟು ವರ್ಷ ನೆಟ್ ಬಾರದೇ ಇದ್ದದ್ದು ಎನ್ನುವುದು ಇನ್ನೊಂದು. ಎರಡರಲ್ಲೂ ನಿಜ ಇದೆ. ಆದರೆ ಅರವತ್ತು ವರ್ಷದ ಚರಿತ್ರೆ ತೆಗೆದು ನೋಡಿದರೆ ನನಗೆ ಎದ್ದು ಕಾಣುವುದು ಬೇರೆಯೇ. ಕಟ್ಟುವ ಕೆಲಸ ಎರಡೂ ಕಡೆಯವರು ಮಾಡಿದ್ದಾರೆ, ಎರಡೂ ಕಡೆಯವರು ಕೆಡಿಸಿದ್ದಾರೆ. ಒಬ್ಬರು ಕಟ್ಟಿದ ತಂತಿಯ ಮೇಲೆ ಇನ್ನೊಬ್ಬರಿಗೂ ಜಾಗ ಬಿಡಬೇಕು ಅನ್ನುವ ಷರತ್ತು ಎಲ್ಲಿತ್ತೋ ಅಲ್ಲಿ ನೆಟ್‌ವರ್ಕ್ ಬೆಳೆಯಿತು. ಆ ಷರತ್ತು ಕೈಬಿಟ್ಟ ಕಡೆ ಸೊರಗಿತು. ತಂತಿಯ ಒಡೆಯ ತಾನಾಗಿ ಆ ಷರತ್ತು ಹಾಕಿಕೊಳ್ಳುವುದು ತೀರಾ ಅಪರೂಪ.

ಮೊದಲಿನಿಂದ ನೋಡೋಣ. 1960ರ ದಶಕದ ಆರಂಭದಲ್ಲಿ ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆಯ ಪಾಲ್ ಬ್ಯಾರನ್, ಸಂದೇಶವನ್ನು ಚೂರು ಚೂರು ಮಾಡಿ ಬೇರೆ ಬೇರೆ ದಾರಿಯಲ್ಲಿ ಕಳಿಸಿ ಕೊನೆಯಲ್ಲಿ ಜೋಡಿಸುವ ನೆಟ್‌ವರ್ಕ್ ಸಾಧ್ಯ ಎಂದು ಲೆಕ್ಕ ಹಾಕಿ ತೋರಿಸಿದ್ದರು. ಅಮೆರಿಕದ ದೊಡ್ಡ ಫೋನ್ ಕಂಪನಿ ಎಟಿ ಅಂಡ್ ಟಿ ಇದಾಗದ ಕೆಲಸ ಎಂದು ತಳ್ಳಿಹಾಕಿತು. ಅವರಿಗೆ ಬುದ್ಧಿ ಕಡಿಮೆಯಿತ್ತು ಅಂತಲ್ಲ, ಜಗತ್ತಿನ ಅತ್ಯುತ್ತಮ ಎಂಜಿನಿಯರ್‌ಗಳು ಅಲ್ಲೇ ಇದ್ದರು. ಆದರೆ ಆ ಕಂಪನಿಯ ಆದಾಯ ಇದ್ದದ್ದು ಇಬ್ಬರ ನಡುವೆ ಒಂದು ಲೈನನ್ನು ಹಿಡಿದಿಟ್ಟು ನಿಮಿಷಕ್ಕಿಷ್ಟು ಎಂದು ಬಿಲ್ ಮಾಡುವುದರಲ್ಲಿ. ಲೈನೇ ಬೇಡ ಎನ್ನುವ ವಿದ್ಯೆಗೆ ಅವರು ಯಾಕೆ ಹಣ ಹಾಕುತ್ತಾರೆ? ಕೊನೆಗೆ ಹಣ ಹಾಕಿದ್ದು ರಕ್ಷಣಾ ಇಲಾಖೆಯ ಆರ್ಪಾ. 1969ರ ಅಕ್ಟೋಬರ್ 29ರಂದು ಆರ್ಪಾನೆಟ್‌ನಲ್ಲಿ ಮೊದಲ ಸಂದೇಶ ಹೋಯಿತು. "ಲಾಗಿನ್" ಎಂದು ಕಳಿಸಲು ಹೊರಟರು, ಎರಡು ಅಕ್ಷರ ಮುಟ್ಟುವಷ್ಟರಲ್ಲಿ ಆ ಕಡೆಯ ಯಂತ್ರ ಕೈಕೊಟ್ಟಿತು. ಇಷ್ಟೊಂದು ಕಚ್ಚಾ ಇದ್ದ, ಲಾಭದ ಸುಳಿವೇ ಇಲ್ಲದ ವಸ್ತುವಿಗೆ ವರ್ಷಗಟ್ಟಲೆ ಹಣ ಸುರಿಯಲು ಆ ಕಾಲಕ್ಕೆ ಸರ್ಕಾರ ಬಿಟ್ಟರೆ ಬೇರೆ ಯಾರೂ ಸಿದ್ಧರಿರಲಿಲ್ಲ.

ಆದರೆ ಇಲ್ಲಿ ಮಾರುಕಟ್ಟೆ ಸೋತಿತು, ಸರ್ಕಾರ ಗೆದ್ದಿತು ಎಂದು ಬರೆದು ಮುಗಿಸುವ ಹಾಗಿಲ್ಲ. ಎಟಿ ಅಂಡ್ ಟಿ ಅನ್ನುವುದೇ ಸರ್ಕಾರದ ಕೃಪೆಯಲ್ಲಿ ಬೆಳೆದ ಏಕಸ್ವಾಮ್ಯ. ಅದರ ಲೈನಿಗೆ ಹೊರಗಿನವರ ಒಂದು ಉಪಕರಣವನ್ನೂ ಸೇರಿಸುವ ಹಾಗಿರಲಿಲ್ಲ. ಟೆಕ್ಸಸ್‌ನ ಥಾಮಸ್ ಕಾರ್ಟರ್ ಎನ್ನುವವರು ಕಾರ್ಟರ್‌ಫೋನ್ ಎಂಬ ಸಣ್ಣ ಸಾಧನ ಮಾಡಿದ್ದರು. ಫೋನಿನ ರಿಸೀವರನ್ನು ಒಂದು ತೊಟ್ಟಿಲಿನಂಥ ಪೆಟ್ಟಿಗೆಯ ಮೇಲೆ ಇಟ್ಟರೆ ಸಾಕು. ದೂರದ ಬಯಲಲ್ಲಿ ಕೆಲಸ ಮಾಡುವವನ ರೇಡಿಯೋಗೂ ಫೋನಿಗೂ ಮಾತು ಕೂಡುತ್ತಿತ್ತು. ತಂತಿಗೆ ತಂತಿ ತಾಗುವುದೇ ಇಲ್ಲ, ಬರೀ ಸದ್ದಿನ ಮೂಲಕ ಕೆಲಸ. 1959ರಿಂದ 1966ರವರೆಗೆ ಅಂಥ ಸುಮಾರು 3,500 ಪೆಟ್ಟಿಗೆಗಳು ಮಾರಾಟವಾದವು. ಅದಕ್ಕೂ ಫೋನ್ ಕಂಪನಿ ಅಡ್ಡಿ ಮಾಡಿತು, ಬಳಸುವವರ ಮೇಲೆ ಕ್ರಮ ತೆಗೆದುಕೊಳ್ಳುತ್ತೇವೆ ಎಂದಿತು. 1968ರಲ್ಲಿ ಸಂಪರ್ಕ ಆಯೋಗ ಎಫ್‌ಸಿಸಿ ಕಾರ್ಟರ್ ಪರ ನಿಂತಿತು: ನೆಟ್‌ವರ್ಕಿಗೆ ಹಾನಿ ಆಗದಿದ್ದರೆ ಯಾರ ಉಪಕರಣ ಬೇಕಾದರೂ ಸೇರಿಸಬಹುದು.

ಮುಂದೆ ಫೋನ್ ಲೈನಿನಲ್ಲಿ ಕಂಪ್ಯೂಟರ್ ಡೇಟಾ ಕಳಿಸುವ ಮೋಡೆಮ್ ಅನ್ನುವುದು ಅಂಗಡಿಯಲ್ಲಿ ಸಿಗುವ ಸಾಮಾನು ಆದದ್ದು ಈ ಬಾಗಿಲಿನಿಂದಲೇ. 1980ರಲ್ಲಿ ಎಫ್‌ಸಿಸಿ ಇನ್ನೊಂದು ಗೆರೆ ಎಳೆಯಿತು. ಸುಮ್ನೆ ಮಾಹಿತಿ ಸಾಗಿಸುವುದು ಒಂದು ಕೆಲಸ, ಅದರ ಮೇಲೆ ಸೇವೆ ಕೊಡುವುದು ಇನ್ನೊಂದು. ಸಾಗಿಸುವವರ ಮೇಲೆ ನಿಯಮ ಇರಲಿ, ಸೇವೆ ಕೊಡುವವರನ್ನು ಅವರ ಪಾಡಿಗೆ ಬಿಡಿ ಎಂದಿತು. 1990ರ ದಶಕದಲ್ಲಿ ಅಮೆರಿಕದಲ್ಲಿ ಸಾವಿರಾರು ಸಣ್ಣ ಇಂಟರ್ನೆಟ್ ಕಂಪನಿಗಳು ಎದ್ದವಲ್ಲ, ಅವರು ಯಾರೂ ಮನೆಗಳಿಗೆ ತಂತಿ ಎಳೆದವರಲ್ಲ. ಇದ್ದ ಫೋನ್ ಲೈನಿನ ಮೇಲೆ ಗಿರಾಕಿ ಕರೆ ಮಾಡುತ್ತಿದ್ದ, ಫೋನ್ ಕಂಪನಿಗೆ ಅದನ್ನು ತಡೆಯುವ ಅಧಿಕಾರ ಇರಲಿಲ್ಲ. ಅಷ್ಟೇ. ಅದು ಅಪ್ಪಟ ಮಾರುಕಟ್ಟೆ ಸ್ಪರ್ಧೆಯೇ ಹೌದು, ಆದರೆ ಅದು ನಿಂತಿದ್ದ ನೆಲ ಕಾನೂನಿನದ್ದು.

ಈಗ ಎನ್‌ಎಸ್‌ಎಫ್‌ನೆಟ್ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಂದಿನ ಅರ್ಧ ಸಮಸ್ಯೆಗಳ ಬೇರು ಇಲ್ಲಿದೆ. 1986ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ವಿಶ್ವವಿದ್ಯಾಲಯಗಳಿಗಾಗಿ ಈ ಜಾಲವನ್ನು ಬ್ಯಾಕ್‌ಬೋನ್ ಆಗಿ, ಅಂದರೆ ಸಣ್ಣ ಜಾಲಗಳನ್ನೆಲ್ಲ ಜೋಡಿಸುವ ಮುಖ್ಯ ಜಾಲವಾಗಿ, ಶುರು ಮಾಡಿತು. ವೇಗ ಸೆಕೆಂಡಿಗೆ 56 ಕಿಲೋಬಿಟ್. ಬೇಗನೇ ಅದು ಕಿಕ್ಕಿರಿದು ಹೋಯಿತು. 1987ರಲ್ಲಿ ಮಿಶಿಗನ್‌ನ ಮೆರಿಟ್ ಸಂಸ್ಥೆ, ಕಂಪ್ಯೂಟರ್ ಕಂಪನಿ ಐಬಿಎಂ, ಫೋನ್ ಕಂಪನಿ ಎಂಸಿಐ ಸೇರಿದ ಗುಂಪಿಗೆ ಗುತ್ತಿಗೆ ಹೋಯಿತು. 1988ಕ್ಕೆ 1.5 ಮೆಗಾಬಿಟ್, 1990ರ ದಶಕದ ಆರಂಭಕ್ಕೆ 45 ಮೆಗಾಬಿಟ್. ಒಂದು ಬಿಗಿ ನಿಯಮವೂ ಇತ್ತು: ಸಂಶೋಧನೆ ಮತ್ತು ಶಿಕ್ಷಣಕ್ಕೆ ಮಾತ್ರ, ವ್ಯಾಪಾರಕ್ಕೆ ಇಲ್ಲ.

ಈ ನಿಷೇಧ ಅಡ್ಡಗಾಲಿನ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಅದರಿಂದಲೇ ಮಾರುಕಟ್ಟೆ ಹುಟ್ಟಿತು. ವ್ಯಾಪಾರದ ಡೇಟಾ ಸಾಗಿಸಬೇಕಿದ್ದವರು ಸರ್ಕಾರಿ ದಾರಿ ಸಿಗದೆ ತಮ್ಮದೇ ದಾರಿ ಮಾಡಿಕೊಂಡರು. ಯುಯುನೆಟ್, ಪಿಎಸ್‌ಐನೆಟ್ ಥರದ ಕಂಪನಿಗಳು ಹಾಗೆ ಬೆಳೆದವು. 1991ರಲ್ಲಿ ಅವು ಸೇರಿಕೊಂಡು ಸಿಐಎಕ್ಸ್ ಎಂಬ ಕೂಡುದಾಣ ಮಾಡಿಕೊಂಡವು, ಅಲ್ಲಿ ಒಬ್ಬರ ಗಿರಾಕಿಯ ಡೇಟಾ ಇನ್ನೊಬ್ಬರ ಗಿರಾಕಿಗೆ ಲೆಕ್ಕ ಇಡದೆ ದಾಟುತ್ತಿತ್ತು. ಅದೇ ಹೊತ್ತಿಗೆ ಸರ್ಕಾರಿ ಬ್ಯಾಕ್‌ಬೋನ್ ನಡೆಸುತ್ತಿದ್ದ ಗುಂಪು ಎಎನ್‌ಎಸ್ ಎಂಬ ಸಂಸ್ಥೆ ಮಾಡಿ, ಅದರ ಅಂಗಸಂಸ್ಥೆಯ ಮೂಲಕ ಅದೇ ಸೌಲಭ್ಯದ ಮೇಲೆ ವ್ಯಾಪಾರಿ ಸಂಪರ್ಕ ಮಾರಲು ಹೊರಟಿತು. ಉಳಿದ ಕಂಪನಿಗಳು ಸಿಟ್ಟಾದವು. ತೆರಿಗೆ ಹಣದಲ್ಲಿ ನಿಂತ ತಂತಿಯ ಮೇಲೆ ಒಬ್ಬರಿಗೆ ಮಾತ್ರ ಅಂಗಡಿ ತೆರೆಯಲು ಬಿಟ್ಟರೆ ನಾವು ಸ್ಪರ್ಧೆ ಮಾಡುವುದು ಹೇಗೆ ಎಂದು ಕೇಳಿದವು. 1992ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಇದರ ವಿಚಾರಣೆಯೂ ನಡೆಯಿತು. ಆ ಕಂಪನಿಗಳ ಪ್ರಶ್ನೆ ನೂರಕ್ಕೆ ನೂರು ಸರಿ.

1995ರ ಏಪ್ರಿಲ್ 30ರಂದು ಎನ್‌ಎಸ್‌ಎಫ್‌ನೆಟ್ ಬ್ಯಾಕ್‌ಬೋನ್ ಮುಚ್ಚಿತು, ಎಲ್ಲವೂ ಖಾಸಗಿ ಕಂಪನಿಗಳ ಕೈಗೆ ಹೋಯಿತು. ಖಾಸಗಿಗೆ ಕೊಟ್ಟದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಕೋಟ್ಯಂತರ ಜನ ನೆಟ್‌ಗೆ ಬರಲು ಕಾದಿದ್ದಾಗ ಒಂದು ವಿಜ್ಞಾನ ಪ್ರತಿಷ್ಠಾನ ಅದನ್ನು ನಡೆಸುವುದು ಆಗದ ಮಾತು. ತಪ್ಪಿದ್ದು ಕೊಟ್ಟ ರೀತಿಯಲ್ಲಿ. ನಾಲ್ಕು ಕೂಡುದಾಣಗಳನ್ನು ಗುರುತಿಸಿ ಸರ್ಕಾರ ಕೈತೊಳೆದುಕೊಂಡಿತು. ಯಾರು ಯಾರ ಜೊತೆ ಸಂಪರ್ಕ ಕೊಡಲೇಬೇಕು, ಯಾವ ಷರತ್ತಿನ ಮೇಲೆ, ಸಣ್ಣವರು ಕೇಳಿದರೆ ದೊಡ್ಡವರು ಇಲ್ಲ ಎನ್ನಬಹುದೇ, ಒಂದಕ್ಕೂ ನಿಯಮ ಬರೆಯಲಿಲ್ಲ. ಕೂಡುದಾಣಗಳು ಬೇಗನೆ ಇಕ್ಕಟ್ಟಾದವು. ದೊಡ್ಡ ಕಂಪನಿಗಳು ತಮ್ಮತಮ್ಮೊಳಗೇ ಖಾಸಗಿಯಾಗಿ ತಂತಿ ಕೂಡಿಸಿಕೊಂಡವು, ಆ ಒಪ್ಪಂದಗಳನ್ನು ಗುಟ್ಟಾಗಿ ಇಟ್ಟವು. ಸಣ್ಣವರು ಅವರಿಗೆ ಗಿರಾಕಿಗಳಾದರು.

ಅದೇ ಕಾಲದ ಇನ್ನೊಂದು ಘಟನೆ ಪಕ್ಕದಲ್ಲಿಟ್ಟು ನೋಡಿ. 1993ರ ಏಪ್ರಿಲ್ 30ರಂದು ಯುರೋಪಿನ ಸರ್ಕಾರಗಳ ಹಣದಲ್ಲಿ ನಡೆಯುವ ಸರ್ನ್ ಪ್ರಯೋಗಾಲಯ ವೆಬ್ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು, ಲೈಸೆನ್ಸ್ ಇಲ್ಲ, ಶುಲ್ಕ ಇಲ್ಲ. ಅದೇ ವರ್ಷ ಮಿನ್ನೆಸೋಟ ವಿಶ್ವವಿದ್ಯಾಲಯ, ವೆಬ್‌ನಂತೆಯೇ ನೆಟ್‌ನಲ್ಲಿ ಮಾಹಿತಿ ಹುಡುಕಿ ಓದಲು ತಾನು ಮಾಡಿದ್ದ ಗೋಫರ್ ಸರ್ವರ್‌ಗೆ ವ್ಯಾಪಾರಿ ಬಳಕೆದಾರರಿಂದ ಲೈಸೆನ್ಸ್ ಶುಲ್ಕ ಕೇಳುವ ಮಾತಾಡಿತು. ಆಗ ಗೋಫರ್ ವೆಬ್‌ಗಿಂತ ಮುಂದಿತ್ತು. ಜನ ಗೋಫರ್‌ನಿಂದ ಕಾಲು ತೆಗೆದರು. ಇದೊಂದೇ ಕಾರಣ ಅಲ್ಲ, ಆದರೆ ದೊಡ್ಡ ಕಾರಣ. ಎರಡೂ ಸಾರ್ವಜನಿಕ ಸಂಸ್ಥೆಗಳೇ, ಎರಡಕ್ಕೂ ಖರ್ಚಿನ ಚಿಂತೆ ಇತ್ತು. ಒಂದು ಬಾಗಿಲು ತೆರೆದಿಟ್ಟಿತು, ಇನ್ನೊಂದು ಕೈ ಚಾಚಿತು.

ಸರ್ಕಾರಗಳು ತಾವೇ ತಂತ್ರಜ್ಞಾನ ಆರಿಸಲು ಹೋದಾಗ ಏನಾಯಿತು ಎಂಬುದಕ್ಕೆ ಒಎಸ್‌ಐ ಸಾಕ್ಷಿ. ಕಂಪ್ಯೂಟರ್‌ಗಳು ಮಾತಾಡುವ ವಿಧಾನಕ್ಕೆ ಅಂತರರಾಷ್ಟ್ರೀಯ ಸಮಿತಿಗಳು ವರ್ಷಗಟ್ಟಲೆ ಕೂತು ಒಂದು ಪ್ರಮಾಣಿತ ರೂಪ ಬರೆದವು, ಯುರೋಪಿನ ಸರ್ಕಾರಗಳು ಬೆನ್ನಿಗೆ ನಿಂತವು, 1990ರಲ್ಲಿ ಅಮೆರಿಕ ಕೂಡ ತನ್ನ ಇಲಾಖೆಗಳು ಇದನ್ನೇ ಕೊಳ್ಳಬೇಕು ಎಂದು ಆದೇಶಿಸಿತು. ಅಷ್ಟರಲ್ಲಿ ಇಂದಿನ ಇಂಟರ್ನೆಟ್ ಮಾತಾಡುವ ವಿಧಾನವಾದ ಟಿಸಿಪಿ-ಐಪಿ 1983ರಿಂದಲೇ ಆರ್ಪಾನೆಟ್‌ನಲ್ಲಿ ಓಡುತ್ತಿತ್ತು, ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ ಜೊತೆ ವಿಶ್ವವಿದ್ಯಾಲಯಗಳಿಗೆ ತಲುಪಿತ್ತು. ಹಾಗಾಗಿ ಒಎಸ್‌ಐ ಆದೇಶ ಕಾಗದದಲ್ಲೇ ಉಳಿಯಿತು, 1995ರಲ್ಲಿ ಅದನ್ನು ಕೈಬಿಟ್ಟರು. ಇದನ್ನು ಮಾರುಕಟ್ಟೆಯ ಗೆಲುವು ಎಂದು ಹೇಳುವವರು ಒಂದು ವಿಷಯ ಮರೆಯುತ್ತಾರೆ: ಟಿಸಿಪಿ-ಐಪಿ ಬರೆಸಿದ್ದು, ಬರ್ಕ್ಲಿಯಲ್ಲಿ ಅದನ್ನು ಯುನಿಕ್ಸ್‌ಗೆ ಸೇರಿಸಲು ದುಡ್ಡು ಕೊಟ್ಟದ್ದು ಅದೇ ಅಮೆರಿಕ ಸರ್ಕಾರದ ಇನ್ನೊಂದು ಕೈ. ಒಂದು ಕೈ ಹಣ ಕೊಟ್ಟು, ಮಾಡಿ ನೋಡಿ ಎಂದಿತು. ಇನ್ನೊಂದು ಕೈ ಇದನ್ನೇ ಬಳಸಿ ಎಂದಿತು. ಜನ ಕೆಲಸ ಮಾಡುವುದನ್ನು ಆರಿಸಿಕೊಂಡರು.

ಸೋವಿಯತ್ ಒಕ್ಕೂಟದ ಕಥೆ ಇನ್ನೂ ಬೇಸರದ್ದು. ಕಂಪ್ಯೂಟರ್ ವಿಜ್ಞಾನಿ ವಿಕ್ಟರ್ ಗ್ಲುಷ್ಕೋವ್ 1960ರ ದಶಕದಲ್ಲೇ ಇಡೀ ದೇಶದ ಆರ್ಥಿಕತೆಯನ್ನು ಜೋಡಿಸುವ ಒಜಿಎಎಸ್ ಎಂಬ ಕಂಪ್ಯೂಟರ್ ಜಾಲ ಮುಂದಿಟ್ಟರು. ಪ್ರತಿ ಸಚಿವಾಲಯವೂ ತನ್ನ ಅಂಕಿಅಂಶ ತನ್ನ ಹತ್ತಿರವೇ ಇರಲಿ ಎಂದಿತು. 1970ರಲ್ಲಿ ಮೇಲಿನ ಸಭೆಯಲ್ಲಿ ಯೋಜನೆ ಮೊಟಕಾಯಿತು. ಮಾರುಕಟ್ಟೆಯೇ ಇಲ್ಲದ ಕಡೆಯೂ ಇದು ನನ್ನ ಲೈನು, ನಿನಗೆ ಕೊಡಲ್ಲ ಎನ್ನುವ ಜಗಳ ಇತ್ತು.

ಫ್ರಾನ್ಸ್‌ನ ಮಿನಿಟೆಲ್, ಅಂದರೆ ಫೋನ್ ಲೈನಿಗೆ ಸೇರಿಸಿದ ಪರದೆ-ಕೀಲಿಮಣೆಯ ಟರ್ಮಿನಲ್‌ನಲ್ಲಿ ಮಾಹಿತಿ ಕೊಡುತ್ತಿದ್ದ ಸೇವೆ, ನನಗೆ ತುಂಬಾ ಇಷ್ಟದ ಉದಾಹರಣೆ. 1979ರಲ್ಲಿ ಬ್ರಿಟನ್ ಪ್ರೆಸ್ಟೆಲ್ ಎಂಬ ಇದೇ ಥರದ ಸೇವೆ ತಂದಿತ್ತು. ದುಬಾರಿ ಉಪಕರಣವನ್ನು ಗಿರಾಕಿಯೇ ಕೊಳ್ಳಬೇಕಿತ್ತು, ಚಂದಾದಾರರು ಒಂದು ಲಕ್ಷವನ್ನೂ ಮುಟ್ಟಲಿಲ್ಲ. ಫ್ರಾನ್ಸ್ 1982ರಿಂದ ಟರ್ಮಿನಲ್ ಅನ್ನೇ ಪುಕ್ಕಟೆ ಕೊಟ್ಟಿತು, ಅಚ್ಚು ಹಾಕಿದ ಟೆಲಿಫೋನ್ ಡೈರೆಕ್ಟರಿಯ ಬದಲು ಇದು ತಗೊಳ್ಳಿ ಎಂದು. ಗಿರಾಕಿಗಳಿಲ್ಲದೆ ಸೇವೆ ಬರದು, ಸೇವೆ ಇಲ್ಲದೆ ಗಿರಾಕಿ ಬಾರ ಎನ್ನುವ ಗಂಟು ಒಂದೇ ಏಟಿಗೆ ಬಿಚ್ಚಿತು. 1984ರಲ್ಲಿ ಬಂದ ಕಿಯೋಸ್ಕ್ ಪದ್ಧತಿ ಇನ್ನೂ ಜಾಣತನದ್ದು. ಮನೆಯಲ್ಲಿ ಕೂತು 3615 ಒತ್ತಿ, ಬೇಕಾದ ಸೇವೆಯ ಹೆಸರು ಟೈಪ್ ಮಾಡಿದರೆ ಸಾಕು. ಕಾರ್ಡ್ ನಂಬರ್ ಬೇಡ, ಹೆಸರು ನೋಂದಾಯಿಸುವುದು ಬೇಡ. ನಿಮಿಷದ ಲೆಕ್ಕದಲ್ಲಿ ಹಣ ಫೋನ್ ಬಿಲ್‌ಗೆ ಸೇರುತ್ತಿತ್ತು, ಫೋನ್ ಇಲಾಖೆ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಸೇವೆ ಕೊಟ್ಟ ಖಾಸಗಿಯವರಿಗೆ ದಾಟಿಸುತ್ತಿತ್ತು. 1990ರ ದಶಕದ ಆರಂಭಕ್ಕೆ 60 ಲಕ್ಷಕ್ಕೂ ಹೆಚ್ಚು ಟರ್ಮಿನಲ್‌ಗಳು ಮನೆಗಳಲ್ಲಿದ್ದವು. ರೈಲು ಟಿಕೆಟ್, ಬ್ಯಾಂಕು, ಹರಟೆ, ಎಲ್ಲ ನಡೆಯುತ್ತಿತ್ತು.

ಹಾಗಾದರೆ ಕೆಟ್ಟದ್ದೆಲ್ಲಿ? ನಡುವಿನ ಗೇಟು ಒಬ್ಬರ ಕೈಯಲ್ಲೇ ಉಳಿಯಿತು. ಮನೆಗೆ ಬರುವ ವೇಗ ಸೆಕೆಂಡಿಗೆ 1,200 ಬಿಟ್, ಬಹುಮಟ್ಟಿಗೆ ಅಲ್ಲಿಗೇ ನಿಂತಿತು. ನಿಮಿಷದ ಲೆಕ್ಕದಲ್ಲಿ ಆದಾಯ ಬರುತ್ತಿರುವಾಗ ವೇಗ ಹೆಚ್ಚಿಸುವ ಅವಸರ ಯಾರಿಗಿತ್ತು? ಎಟಿ ಅಂಡ್ ಟಿಗೆ ಬಂದ ರೋಗವೇ ಫ್ರೆಂಚ್ ಸರ್ಕಾರಿ ಇಲಾಖೆಗೂ ಬಂತು. 2012ರ ಜೂನ್ 30ರಂದು ಮಿನಿಟೆಲ್ ನಿಂತುಹೋಯಿತು.

ಮಾರುಕಟ್ಟೆಯ ಹುಚ್ಚುಹೊಳೆಯನ್ನೂ ನೋಡಿ. ಅಮೆರಿಕದಲ್ಲಿ 1996ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ ಫೈಬರ್ ಹಾಕುವ ಪೈಪೋಟಿ ಎದ್ದಿತು. ಇಂಟರ್ನೆಟ್ ಸಂಚಾರ 100 ದಿನಕ್ಕೊಮ್ಮೆ ದುಪ್ಪಟ್ಟಾಗುತ್ತಿದೆ ಎಂಬ ಮಾತು ಎಲ್ಲ ಕಡೆ ಓಡಾಡಿತು. ಗಣಿತಜ್ಞ ಆಂಡ್ರ್ಯೂ ಒಡ್ಲಿಜ್ಕೊ ಮತ್ತು ಸಂಗಡಿಗರು ಅಂಕಿಅಂಶ ಕೂಡಿಸಿ ನೋಡಿ, ಸುಮಾರು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತಿದೆ ಅಷ್ಟೇ ಎಂದು ತೋರಿಸಿದರೂ ಹಣ ಹಾಕುವವರು ಕೇಳಲಿಲ್ಲ. ಫೈಬರ್‌ಗೆ ಹಣ ಸುರಿದಿದ್ದ ಕಂಪನಿಗಳಲ್ಲಿ 2002ರ ಜನವರಿಯಲ್ಲಿ ಗ್ಲೋಬಲ್ ಕ್ರಾಸಿಂಗ್, ಜುಲೈನಲ್ಲಿ ವರ್ಲ್ಡ್‌ಕಾಮ್ ದಿವಾಳಿ ಎದ್ದವು. ಫೈಬರ್ ಮಾತ್ರ ನೆಲದಡಿ, ಸಮುದ್ರದಡಿ ಹಾಗೇ ಉಳಿಯಿತು, ಮುಂದಿನವರು ಅಗ್ಗಕ್ಕೆ ಕೊಂಡರು. ಸರ್ಕಾರ ಇಷ್ಟು ಬೇಗ ಇಷ್ಟು ಫೈಬರ್ ಹಾಕುತ್ತಿರಲಿಲ್ಲ, ಖಂಡಿತ. ಆದರೆ ಅದು ಹೆಚ್ಚಾಗಿ ಬಿದ್ದದ್ದು ದೊಡ್ಡ ಊರಿನಿಂದ ದೊಡ್ಡ ಊರಿಗೆ, ಖಂಡದಿಂದ ಖಂಡಕ್ಕೆ. ಕೊನೆಯ ಮನೆಗೆ ಯಾರೂ ಹೋಗಲಿಲ್ಲ.

ಕೊನೆಯ ಮನೆಯ ಲೆಕ್ಕವೇ ಬೇರೆ. ಅಲ್ಲಿ ಫೈಬರ್ ಎಳೆಗಿಂತ ನೆಲ ಅಗೆಯುವ, ಕಂಬ ಹತ್ತುವ, ಅನುಮತಿ ಪಡೆಯುವ ಖರ್ಚೇ ದೊಡ್ಡದು. ಒಂದು ಬೀದಿಯಲ್ಲಿ ಮೊದಲ ಕಂಪನಿ ಅಗೆದಾಯಿತು ಅನ್ನಿ. ಎರಡನೆಯವರು ಬಂದರೆ ಅಷ್ಟೇ ಉದ್ದ ಅಗೆಯಬೇಕು, ಗಿರಾಕಿಗಳು ಮಾತ್ರ ಅರ್ಧ. ಮೂರನೆಯವರು ಬರುವುದೇ ಇಲ್ಲ. ಹಾಗಾಗಿ ಇಲ್ಲಿ ಸ್ಪರ್ಧೆ ತಾನಾಗಿ ಹುಟ್ಟುತ್ತದೆ ಎಂದು ಕಾಯುವುದು ವ್ಯರ್ಥ. ಇದಕ್ಕೆ ಯುರೋಪು 2000ದಲ್ಲಿ ಒಂದು ದಾರಿ ಹಿಡಿಯಿತು: ಹಳೇ ಫೋನ್ ಕಂಪನಿಗಳು ಮನೆಗೆ ಹೋಗುವ ತಾಮ್ರದ ತಂತಿಯನ್ನು ಪ್ರತಿಸ್ಪರ್ಧಿಗಳಿಗೂ ಬಾಡಿಗೆಗೆ ಕೊಡಲೇಬೇಕು. ಫ್ರಾನ್ಸ್‌ನಲ್ಲಿ ಫ್ರೀ ಎಂಬ ಕಂಪನಿ ಈ ನಿಯಮದ ಬೆನ್ನೇರಿ 2002ರಲ್ಲಿ ತಿಂಗಳಿಗೆ 29.99 ಯುರೋಗೆ ಬ್ರಾಡ್‌ಬ್ಯಾಂಡ್ ಕೊಟ್ಟು ಮಾರುಕಟ್ಟೆಯನ್ನೇ ಅಲ್ಲಾಡಿಸಿತು. ಅಮೆರಿಕ 2003ರಿಂದ 2005ರೊಳಗೆ ಬ್ರಾಡ್‌ಬ್ಯಾಂಡ್ ಮಟ್ಟಿಗೆ ಇದಕ್ಕೆ ಉಲ್ಟಾ ಹೋಯಿತು. ಹಂಚಿಕೊಳ್ಳಿ ಎಂದರೆ ಕಂಪನಿಗಳು ಫೈಬರ್ ಹಾಕುವುದಿಲ್ಲ ಎನ್ನುವ ವಾದಕ್ಕೆ ಮಣಿಯಿತು. ಆ ವಾದದಲ್ಲಿ ಹುರುಳೇ ಇಲ್ಲ ಅನ್ನಲಾರೆ. ಆದರೆ ಅಲ್ಲಿನ ಎಷ್ಟೋ ಊರುಗಳಲ್ಲಿ ಒಂದು ಫೋನ್ ಕಂಪನಿ, ಒಂದು ಕೇಬಲ್ ಕಂಪನಿ ಬಿಟ್ಟರೆ ಗತಿಯಿಲ್ಲದ ಸ್ಥಿತಿ ಬಂದದ್ದೂ ಆಮೇಲೆಯೇ.

ಸ್ಟಾಕ್‌ಹೋಮ್ 1994ರಲ್ಲಿ ಮಾಡಿದ್ದು ಇನ್ನೂ ಸರಳ. ನಗರದ ಒಡೆತನದ ಸ್ಟೋಕಾಬ್ ಕಂಪನಿ ಫೈಬರ್ ಹಾಕುತ್ತದೆ, ಅದನ್ನು ಕೇಳಿದವರಿಗೆಲ್ಲ ಬಾಡಿಗೆಗೆ ಕೊಡುತ್ತದೆ, ತಾನು ಮಾತ್ರ ಇಂಟರ್ನೆಟ್ ಮಾರುವುದಿಲ್ಲ. ಒಂದೇ ಸಲ ಅಗೆತ, ಮೇಲೆ ಬೇಕಾದಷ್ಟು ಪೈಪೋಟಿ.

ಅಮೆರಿಕದ ಟೆನೆಸೀ ರಾಜ್ಯದ ಚಟ್ಟನೂಗ ಊರಲ್ಲಿ ಇದಕ್ಕೆ ಕೈ ಹಾಕಿದ್ದು ವಿದ್ಯುತ್ ಮಂಡಳಿ. ಬಿರುಗಾಳಿಗೆ ಮರ ಬಿದ್ದರೆ ಇಡೀ ಬಡಾವಣೆ ಕತ್ತಲಾಗಬಾರದು, ಕೆಟ್ಟ ತುಂಡನ್ನಷ್ಟೇ ಬೇರ್ಪಡಿಸಿ ಉಳಿದ ಕಡೆ ಕರೆಂಟ್ ತಾನಾಗಿ ಸುತ್ತಿ ಬರಬೇಕು. ಅದಕ್ಕೆ ಲೈನಿನ ಮೇಲೆ ಸಾವಿರಕ್ಕೂ ಹೆಚ್ಚು ಸ್ವಿಚ್‌ಗಳು, ಅವು ಮಾತಾಡಿಕೊಳ್ಳಲು ಫೈಬರ್. ಕೇಂದ್ರ ಸರ್ಕಾರದಿಂದ ಸುಮಾರು 111 ಮಿಲಿಯನ್ ಡಾಲರ್ ನೆರವು ಬಂತು. ಆ ಫೈಬರ್ ಮೇಲೇ 2010ರಲ್ಲಿ ತನ್ನ ವ್ಯಾಪ್ತಿಯ ಎಲ್ಲ ಮನೆಗಳಿಗೂ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗ ಕೊಡಲು ಶುರು ಮಾಡಿತು, ಅಮೆರಿಕದ ದೊಡ್ಡ ಫೋನ್, ಕೇಬಲ್ ಕಂಪನಿಗಳು ಮನೆಗಳಿಗೆ ಅಂಥ ವೇಗ ಕೊಡದಿದ್ದ ಕಾಲದಲ್ಲಿ. ಗಡಿಯಾಚೆ ಇದ್ದವರು ನಮಗೂ ಕೊಡಿ ಎಂದರು. ವಿದ್ಯುತ್ ಕೊಡುವ ಪ್ರದೇಶ ದಾಟಿ ನೆಟ್ ಕೊಡಬಾರದು ಎಂದು ರಾಜ್ಯದ ಕಾನೂನು ಅಡ್ಡ ಬಂತು. 2015ರಲ್ಲಿ ಎಫ್‌ಸಿಸಿ ಆ ಕಾನೂನನ್ನು ಬದಿಗೆ ಸರಿಸಲು ನೋಡಿತು, 2016ರಲ್ಲಿ ಕೋರ್ಟು ಎಫ್‌ಸಿಸಿಗೆ ಆ ಅಧಿಕಾರ ಇಲ್ಲ ಎಂದಿತು. ಇದನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕಂಪನಿ ಬರುವುದಿಲ್ಲ, ಬರುತ್ತೇನೆ ಎನ್ನುವವರನ್ನು ಕಾನೂನು ಬಿಡುವುದಿಲ್ಲ. ನಡುವೆ ಸಿಕ್ಕಿಬಿದ್ದವರು ಅಲ್ಲಿ ವಾಸಿಸುವ ಜನ.

ನಿಯಮ ಇದ್ದ ಮಾತ್ರಕ್ಕೆ ಒಳ್ಳೆಯದಾಗುತ್ತದೆ ಅಂತಲೂ ಅಲ್ಲ. ಆಸ್ಟ್ರೇಲಿಯಾ 2009ರಲ್ಲಿ ಶೇ. 90ರಷ್ಟು ಮನೆಗಳಿಗೆ ಫೈಬರ್ ಎಂದು ಹೊರಟಿತು. 2013ರಲ್ಲಿ ಸರ್ಕಾರ ಬದಲಾಗಿ ಹಳೇ ತಾಮ್ರವನ್ನೇ ಬಳಸಿ ಉಳಿಸೋಣ ಎಂದಿತು, 2020ರಲ್ಲಿ ಮತ್ತೆ ಫೈಬರ್ ಕಡೆ ತಿರುಗಿತು. ದಕ್ಷಿಣ ಕೊರಿಯಾ ತೊಂಬತ್ತರ ದಶಕದಲ್ಲಿ ಸರ್ಕಾರಿ ಯೋಜನೆ, ಖಾಸಗಿ ಪೈಪೋಟಿ ಎರಡನ್ನೂ ಜೋಡಿಸಿ ಜಗತ್ತಿಗೇ ಮಾದರಿ ಆಗಿತ್ತು. ಆದರೆ 2016ರಲ್ಲಿ ಡೇಟಾ ಕಳಿಸುವ ನೆಟ್‌ವರ್ಕೇ ಹಣ ತೆರಬೇಕು ಎಂಬ ಲೆಕ್ಕ ತಂದಿತು. ಜನಪ್ರಿಯ ಸೇವೆಯನ್ನು ತನ್ನ ಬಳಿ ಇಟ್ಟುಕೊಂಡ ಕಂಪನಿಗೇ ಜಾಸ್ತಿ ಬಿಲ್ ಬರುವಂತಾಯಿತು, ಆ ಹೊರೆ ಸೇವೆ ಕೊಡುವವರ ಮೇಲೆ ಬಿತ್ತು. 2024ರ ಫೆಬ್ರವರಿಯಲ್ಲಿ ಲೈವ್ ವಿಡಿಯೋ ಸೇವೆ ಟ್ವಿಚ್, ನೆಟ್‌ವರ್ಕ್ ಶುಲ್ಕ ತಾಳಲಾರೆ ಎಂದು ಕೊರಿಯಾದಿಂದ ಹೊರಟೇಹೋಯಿತು. ಯುರೋಪಿನ ದೊಡ್ಡ ಟೆಲಿಕಾಂ ಕಂಪನಿಗಳೂ ಇಂಥದ್ದೇ ಪಾಲು ಬೇಕು ಎಂದು ವರ್ಷಗಳಿಂದ ಕೇಳುತ್ತಿವೆ. ಕೊಡಿಸುವ ಮೊದಲು ಅಲ್ಲಿನ ಸರ್ಕಾರಗಳು ಕೊರಿಯಾವನ್ನು ಒಮ್ಮೆ ನೋಡಲಿ.

ಈಗ ಚಿತ್ರ ಮತ್ತೆ ಬದಲಾಗಿದೆ. 2017ರಲ್ಲಿ ಅಮೆರಿಕದ ವರ್ಜೀನಿಯಾ ಬೀಚ್‌ನಿಂದ ಸ್ಪೇನ್‌ನ ಬಿಲ್ಬಾವೊವರೆಗೆ ಸುಮಾರು 6,600 ಕಿಲೋಮೀಟರ್ ಉದ್ದದ ಮರೇಯಾ ಕೇಬಲ್ ಹಾಕಿಸಿದ್ದು ಮೈಕ್ರೋಸಾಫ್ಟ್, ಫೇಸ್‌ಬುಕ್ ಮತ್ತು ಒಂದು ಟೆಲಿಕಾಂ ಸಂಸ್ಥೆ. ಗೂಗಲ್ ತನ್ನದೇ ಸಮುದ್ರ ಕೇಬಲ್‌ಗಳನ್ನು ಹಾಕಿಕೊಂಡಿದೆ. ಸ್ಟಾರ್‌ಲಿಂಕ್ ಎಂಬ ಉಪಗ್ರಹದ ನೆಟ್‌ನಲ್ಲಿ ರಾಕೆಟ್, ಉಪಗ್ರಹ, ಮನೆಯ ಮೇಲಿನ ಆಂಟೆನಾ, ತಿಂಗಳ ಬಿಲ್ಲು ಎಲ್ಲವೂ ಒಂದೇ ಕಂಪನಿಯದ್ದು. ಸಾಗಿಸುವವರು ಬೇರೆ, ಸೇವೆ ಕೊಡುವವರು ಬೇರೆ ಎಂದು 1980ರಲ್ಲಿ ಎಳೆದ ಗೆರೆ ಇಲ್ಲಿ ಹುಡುಕಿದರೂ ಸಿಗುವುದಿಲ್ಲ. 2025ರ ಜನವರಿ 2ರಂದು ಅಮೆರಿಕದ ಮೇಲ್ಮನವಿ ಕೋರ್ಟು ನೆಟ್ ನ್ಯೂಟ್ರಾಲಿಟಿ, ಅಂದರೆ ನೆಟ್ ಕಂಪನಿಗಳು ಎಲ್ಲ ಡೇಟಾವನ್ನೂ ಸಮಾನವಾಗಿ ಸಾಗಿಸಬೇಕು ಎಂಬ ನಿಯಮವನ್ನೂ ತೆಗೆದುಹಾಕಿತು.

ಹಾಗಾಗಿ ಆ 42.45 ಬಿಲಿಯನ್ ಡಾಲರ್ ಬಗ್ಗೆ ಫೈಬರ್ ಒಳ್ಳೆಯದೋ ಉಪಗ್ರಹ ಒಳ್ಳೆಯದೋ ಎಂಬ ಚರ್ಚೆಯೊಂದೇ ನಡೆಯುತ್ತಿರುವುದು ನನಗೆ ಸಾಲದು ಅನ್ನಿಸುತ್ತದೆ. ಗುಡ್ಡದ ತುದಿಯ ಒಂಟಿ ಮನೆಗೆ ಉಪಗ್ರಹವೇ ಸರಿ, ಅದರಲ್ಲಿ ಜಗಳವಿಲ್ಲ. ಆದರೆ ಸಬ್ಸಿಡಿ ತಗೊಂಡವರು ಮುಂದೆ ಆ ಮನೆಯ ದರ ಏರಿಸಿದರೆ ಆ ಮನೆಯವರಿಗೆ ಬೇರೆ ದಾರಿ ಏನು? ಕಂಪನಿ ಮಾರಾಟವಾದರೆ ಸಾರ್ವಜನಿಕ ಹಣದಲ್ಲಿ ಹೂತ, ಕೇಬಲ್ ಹಾಯುವ ಕೊಳವೆ ಯಾರದ್ದು? ಆ ಕೊಳವೆಯಲ್ಲಿ ಖಾಲಿ ಜಾಗ ಇದ್ದರೆ ಇನ್ನೊಬ್ಬರು ಬಾಡಿಗೆ ಕೊಟ್ಟು ಎಳೆ ಹಾಯಿಸಬಹುದೇ? ಈ ಯೋಜನೆಯಲ್ಲಿ ಕಟ್ಟಿದ ಲೈನನ್ನು ಬೇರೆ ಕಂಪನಿಗಳಿಗೂ ಸಗಟು ಬಾಡಿಗೆಗೆ ಕೊಡಲೇಬೇಕು ಎಂಬ ಸಾಮಾನ್ಯ ಕಡ್ಡಾಯ ಹಳೇ ನಿಯಮದಲ್ಲೂ ಇರಲಿಲ್ಲ, ಹೊಸದರಲ್ಲೂ ಇಲ್ಲ. 1995ರಲ್ಲಿ ಎನ್‌ಎಸ್‌ಎಫ್‌ನೆಟ್ ಖಾಸಗಿಗೆ ಕೊಟ್ಟಾಗ ಬಿಟ್ಟುಹೋದ ಸಾಲು ಇದೇ. ಕೇಬಲ್ ಹೂತ ಮೇಲೆ, ಬೇರೆ ದೇಶಗಳು ಇದನ್ನೇ ನೋಡಿ ತಮ್ಮ ಒಪ್ಪಂದ ಬರೆದ ಮೇಲೆ, ಆ ಸಾಲನ್ನು ಸೇರಿಸುವುದು ಇನ್ನೂ ಕಷ್ಟವಾಗುತ್ತದೆ.